ಮಾಮಂದಿರ ಗೋಡೆ

ಕೆಲಸ ಮುಗಿಸಿ, ಸ್ಟೂಲಿನಿಂದ ಇಳಿದು, ಬಾಗಿಲ ತನಕ ಹಿಂದೆ ಸರಿದು ನೋಡಿದಾಗ, ತಾನು ಟಿ.ವಿ.ಯ ಸ್ಟೆಬಿಲೈಸರನ್ನು ಶೀನಪ್ಪ ಮಾಮನ ಜಾಗದಲ್ಲಿ ಕೂರಿಸಿದ್ದೇನೆಂದು ಸರ್ವೋತ್ತಮನಿಗೆ ಹೊಳೆಯಿತು. ಮನೆಯ ಮುಂದಿನ ಹಜಾರವಾದ ಚಾವಡಿಯ ಆ ಗೋಡೆಯಲ್ಲಿ ಎಡದಿಂದ ಬಲಕ್ಕೆ ಮೂರು ಫೋಟೋಗಳಿದ್ದವು. ಮೂವರೂ ಹೆಂಡತಿ ಶಶಿಪ್ರಭಾಳ ಕುಟುಂಬದ ಯಜಮಾನಿಕೆ ನಡೆಸಿ ತೀರಿಹೋದ ಸೋದರಮಾವಂದಿರು. ಹಿರಿತನದ ಕ್ರಮದಲ್ಲಿ, ಒಂದೇ ಅಳತೆಯ ಚೌಕಟ್ಟಿನಲ್ಲಿ, ಮುಂಡಾಸು, ಕರಿ ಕೋಟು, ಮೀಸೆ. ಕೊನೆಯವರು ಮುಂಡಪ್ಪ. ಅವರ ಪಕ್ಕದಲ್ಲಿ ಇನ್ನೊಂದು ಚೌಕಟ್ಟು ಹಿಡಿಯುವಷ್ಟು ಖಾಲಿ ಗೋಡೆ. ಆ ಖಾಲಿ ಜಾಗ ಈಗಿನ ಯಜಮಾನರಾದ, ಅತ್ತೆ ಗುಲಾಬಿಯ ತಮ್ಮ ಶೀನಪ್ಪರದ್ದು ಎಂಬುದು ಮನೆಯ ಬೆಕ್ಕಿಗೂ ಗೊತ್ತಿತ್ತು. ಶೀನಪ್ಪ ಸತ್ತಿರಲಿಲ್ಲ. ಪೇಟೆಯ ನಡುವಿನ ಹಂಪನಕಟ್ಟೆಯಲ್ಲಿ ಲಾಡ್ಜು ನಡೆಸಿಕೊಂಡು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಅದರ ಹಿಂದೆಯೇ ಹಲ್ವ ತಿಂದುಕೊಂಡು, ತಾನೇ ಕಟ್ಟಿಸಿದ ತಾರಸಿ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಚೆನ್ನಾಗಿಯೇ ಇದ್ದರು. ಪ್ರತಿ ಭಾನುವಾರ ಸಂಜೆ ಪಡೀಲಿನ ಈ ಕುಟುಂಬದ ಮನೆಗೆ ಕಾರಿನಲ್ಲಿ ಬಂದು, ಆ ಖಾಲಿ ಜಾಗದ ಎದುರಿನ ಕುರ್ಚಿಯಲ್ಲೇ ಕೂತು ಚಾ ಕುಡಿಯುತ್ತಿದ್ದರು. ಈಗ ಆ ಜಾಗದಲ್ಲಿ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆಯೊಂದು ಕೂತಿತ್ತು. ಅದರ ಮುಖದ ಮೇಲೆ ವೋಲ್ಟೇಜು ತೋರಿಸುವ ಮುಳ್ಳು, ಮುಳ್ಳಿನ ಕೆಳಗೆ ಕೆಂಪು ದೀಪ.

ಅಂದವಾಗಿ ಕೂತಿದೆ ಎಂಬುದರಲ್ಲಿ ಮಾತ್ರ ಎರಡು ಮಾತಿರಲಿಲ್ಲ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ಟರನಾಗಿ ಮಕ್ಕಳ ಓರೆ ಗೆರೆಗಳನ್ನು ತಿದ್ದಿ ತಿದ್ದಿ ಅವನ ಕಣ್ಣಿಗೆ ಒಂದು ರೋಗವೇ ಅಂಟಿಕೊಂಡಿತ್ತು. ಕ್ಯಾಲೆಂಡರು ಕೂದಲೆಳೆಯಷ್ಟು ವಾಲಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಕೆಂಪುಕಲ್ಲಿನ ಗೋಡೆ ಬರೀ ಮೊಳೆಗೆ ಭಾರ ಹೊರುವುದಿಲ್ಲ, ಪುಡಿ ಉದುರಿಸಿ ಬಿಟ್ಟುಬಿಡುತ್ತದೆ. ಅದಕ್ಕೇ ತೂತು ಕೊರೆದು, ಹಲಸಿನ ಮರದ ಬೆಣೆ ಬಡಿದು, ಬೆಣೆಗೆ ಸ್ಕ್ರೂ ತಿರುಗಿಸಿದ್ದ. ಮಟ್ಟ ನೋಡುವ ರಸಮಟ್ಟದ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೂ ಪೆಟ್ಟಿಗೆಯನ್ನು ಎತ್ತಿ ಇಳಿಸಿದ್ದ. ಮೇಲೆ ಆಂಟೆನಾದ ಬೂಸ್ಟರು, ಕೆಳಗೆ ಸ್ಟೆಬಿಲೈಸರು, ಅದರ ಕೆಳಗೆ ಮೇಜಿನ ಮೇಲೆ ಟಿ.ವಿ. ವಯರುಗಳೆಲ್ಲ ಸಾಗುವಾನಿಯ ಪಟ್ಟಿಯ ಮೇಲೆ ಕ್ಲಿಪ್ಪು ಬಡಿಸಿಕೊಂಡು, ಪಾಠ ಕೇಳುವ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ಹೋದ ಭಾನುವಾರ ಹೀಗಿರಲಿಲ್ಲ. ಸ್ಟೆಬಿಲೈಸರು ಸ್ಟೂಲಿನ ಅಡಿಯಲ್ಲಿ ಮುದುಡಿ ಕೂತಿತ್ತು, ಬೂಸ್ಟರು ಕಿಟಕಿಯ ಸರಳಿಗೆ ಸೆಣಬಿನ ದಾರದಲ್ಲಿ ನೇತಾಡುತ್ತಿತ್ತು, ವಯರು ನೆಲದ ಮೇಲೆ ಕಾಲಿಗೆ ಸಿಕ್ಕುತ್ತಿತ್ತು. ಊರಿಗೆ ಟಿ.ವಿ. ಬಂದು ಹೆಚ್ಚು ಕಾಲವಾಗಿರದ ದಿನಗಳು. ಭಾನುವಾರ ಸಂಜೆಯ ಸಿನಿಮಾಕ್ಕೆ ನೆರೆಕರೆಯವರು ಬಂದು ಕೂರುತ್ತಿದ್ದರು. ಅವತ್ತು ಬಂದಿದ್ದ ಪಕ್ಕದ ಮನೆಯ ರೇಮಂಡ್, ಬಹರೇನಿನಿಂದ ರಜೆಯಲ್ಲಿ ಬಂದವನು, ನಗುತ್ತಾ ಹೇಳಿದ್ದ: "ಎಂತ ಮಾಸ್ಟ್ರೇ, ಬೋರ್ಡಿನಲ್ಲಿ ಅಷ್ಟು ಚಂದ ಚಿತ್ರ ಬಿಡಿಸ್ತೀರಿ, ನಿಮ್ಮ ವಯರಿಂಗ್ ಮಾತ್ರ ಕೋಳಿ ಕೆದಕಿದ ಹಾಗೆ ಉಂಟಲ್ಲ. ಗೋಡೆಗೆ ಹೊಡೀರಿ ಮಾರಾಯ್ರೆ, ನಿಮ್ಮದೇ ಮನೆ ಅಲ್ವಾ?" ರೇಮಂಡ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ತನ್ನ ಡ್ರಿಲ್ಲಿಂಗ್ ಮೆಷಿನನ್ನೂ ಕೊಡುತ್ತೇನೆಂದಿದ್ದ. ಆದರೆ 'ನಿಮ್ಮದೇ ಮನೆ' ಎಂದಾಗ ಕುರ್ಚಿಯಲ್ಲಿದ್ದ ಶೀನಪ್ಪ ಮಾಮ ಮೂಗಿನಲ್ಲೇ ಒಂದು ಸಣ್ಣ ನಗೆ ನಕ್ಕಿದ್ದರು. ಬಾಯಿಬಿಟ್ಟು ನಕ್ಕಿದ್ದರೆ ಸರ್ವೋತ್ತಮ ತಾನೂ ನಕ್ಕು ಮರೆಯುತ್ತಿದ್ದನೇನೋ. ಆ ಮೂಗಿನ ನಗೆ ವಾರವಿಡೀ, ಎಂಟನೇ ಕ್ಲಾಸಿನ ಮಕ್ಕಳಿಗೆ ಹೂಜಿಯ ನೆರಳು ಹೇಗೆ ಬೀಳುತ್ತದೆಂದು ತೋರಿಸುವಾಗಲೂ, ಅವನ ಬೆನ್ನ ಹಿಂದೆ ಕೇಳುತ್ತಲೇ ಇತ್ತು.

ಹಾಗಾದರೆ ಬೇಕೆಂದೇ ಮಾಡಿದೆನೇ? ಕೈಯ ಸುಣ್ಣದ ಪುಡಿಯನ್ನು ಲುಂಗಿಗೆ ಒರೆಸುತ್ತಾ ಅವನು ತನ್ನನ್ನೇ ವಿಚಾರಣೆಗೆ ನಿಲ್ಲಿಸಿಕೊಂಡ. ಆಂಟೆನಾದ ವಯರು ಇಳಿಯುವುದು ಆ ಮೂಲೆಯ ಕಿಟಕಿಯಿಂದ, ಪ್ಲಗ್ಗು ಇರುವುದು ಅದೇ ಗೋಡೆಯ ಬುಡದಲ್ಲಿ, ಎದುರು ಗೋಡೆಗೆ ಮಧ್ಯಾಹ್ನದ ಬಿಸಿಲು ಹೊಡೆಯುತ್ತದೆ. ಎಲ್ಲ ಸರಿ. ಆದರೆ ಇದೆಲ್ಲ ಕೋರ್ಟಿನಲ್ಲಿ ವಕೀಲರು ಹೇಳುವ ಮಾತು. ಮುಂಡಪ್ಪ ಮಾಮನ ಫೋಟೋ ನೇತುಹಾಕಿದ ದಿನ ಅವನು ಇಲ್ಲೇ ಇದ್ದ. ಮೂರೂ ಚೌಕಟ್ಟುಗಳ ಕೆಳಗೆ ಹೆಸರು, ಹುಟ್ಟಿದ ವರ್ಷ, ತೀರಿಹೋದ ವರ್ಷವನ್ನು ಕಪ್ಪು ಶಾಯಿಯಲ್ಲಿ ಮುದ್ದಾಗಿ ಬರೆದುಕೊಟ್ಟವನೂ ಅವನೇ. ಗೋಡೆಯನ್ನು ಟೇಪು ಹಿಡಿದು ಅಳೆದು, ಮೂರು ಫೋಟೋಗಳನ್ನು ನಡುಮಧ್ಯಕ್ಕೆ ಬರುವಂತೆ ಹಾಕೋಣ ಎಂದಾಗ ಶೀನಪ್ಪ ಮಾಮ, "ಬೇಡ ಮಾಸ್ಟ್ರೇ, ಸ್ವಲ್ಪ ಎಡಕ್ಕೆ ಸರಿಸಿ, ನನಗೂ ಜಾಗ ಬೇಕಲ್ಲ," ಎಂದು ನಕ್ಕಿದ್ದರು, ಎಲ್ಲರೂ ನಕ್ಕಿದ್ದರು, ಅವನೂ ನಕ್ಕು ಎಡಕ್ಕೆ ಸರಿಸಿದ್ದ. ಅಂದಿನಿಂದ ಆ ಗೋಡೆ ಅವನ ಕಣ್ಣಿಗೆ ಒಂದು ಕಡೆ ವಾಲಿದ ಹಾಗೆಯೇ ಕಾಣುತ್ತಿತ್ತು. ಈಗ ಪೆಟ್ಟಿಗೆ ಬಂದ ಮೇಲೆ ತೂಕ ಸರಿಯಾಗಿತ್ತು. ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ, ಎಂದು ಒಳಗಿನವನು ಒಪ್ಪಿಕೊಂಡುಬಿಟ್ಟ. ಒಪ್ಪಿಕೊಂಡ ಮೇಲೆ ಹೆದರಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಹೆದರಿಕೆಯ ಜೊತೆಗೆ, ಮರ್ಯಾದೆಗೆಟ್ಟ ಒಂದು ಖುಷಿಯೂ ಹೊಟ್ಟೆಯಲ್ಲಿ ಎದ್ದಿತು.

'ಅಳಿಯ ಅಲ್ಲ, ಮಗಳ ಗಂಡ' ಎನ್ನುವುದು ಬೇರೆ ಕಡೆಯಲ್ಲಿ ತಮಾಷೆಯ ಮಾತು. ಈ ಮನೆಯಲ್ಲಿ ಅದು ಕಾನೂನು. ಮನೆಯೂ ಮಣ್ಣೂ ತಾಯಿಯಿಂದ ಮಗಳಿಗೆ ಇಳಿದು ಬರುವ, ತಾಯಿಯ ಅಣ್ಣನೋ ತಮ್ಮನೋ ಯಜಮಾನನಾಗಿ ಕೂರುವ ಅಳಿಯಕಟ್ಟಿನ ಮನೆ ಇದು. ಸರಕಾರ ಯಾವ ಕಾಯಿದೆ ಬೇಕಾದರೂ ಮಾಡಿಕೊಳ್ಳಲಿ, ಗೋಡೆಗಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಇಲ್ಲಿ ಗಂಡನೆಂದರೆ ಬಂದು ಹೋಗುವವನು. ಸರ್ವೋತ್ತಮನ ಅಪ್ಪನೂ ಹಾಗೆಯೇ ಇದ್ದ. ಕತ್ತಲಾದ ಮೇಲೆ ಅಮ್ಮನ ಮನೆಯ ಗೇಟಿನ ಹತ್ತಿರ ನಿಂತು ಒಂದು ಸಲ ಕೆಮ್ಮುತ್ತಿದ್ದ. ಒಳಗಿನಿಂದ ಯಾರಾದರೂ ದೀಪ ಹಿಡಿದು ಬಂದರೆ ಮಾತ್ರ ಮೆಟ್ಟಿಲು ಹತ್ತುತ್ತಿದ್ದ. ಸ್ವಂತ ಹೆಂಡತಿ ಮಕ್ಕಳನ್ನು ನೋಡಲು ಕೆಮ್ಮಬೇಕಾಗಿದ್ದ ಆ ದೊಡ್ಡ ದೇಹದ ಮನುಷ್ಯನನ್ನು ನೆನೆದರೆ ಸರ್ವೋತ್ತಮನಿಗೆ ಈಗಲೂ ಗಂಟಲು ಕೆರೆಯುತ್ತದೆ. ಅವನಿಗೂ ಒಂದು ಗೋಡೆ ಇಲ್ಲವೆಂದಲ್ಲ. ಶಕ್ತಿನಗರದಲ್ಲಿ ಅಕ್ಕನ ಮನೆ ಇದೆ, ಅದು ಅವನ ಕುಟುಂಬದ ಮನೆ. ಅಲ್ಲಿ ಅವನೇ ಮಾಮ, ಅವನ ಮಾತಿಗೆ ಅಕ್ಕನ ಮಕ್ಕಳು ಎದ್ದು ನಿಲ್ಲುತ್ತಾರೆ, ಅಲ್ಲಿನ ಚಾವಡಿಯಲ್ಲಿ ಮುಂದೊಂದು ದಿನ ಅವನ ಫೋಟೋ ಬೀಳುತ್ತದೆ. ಅಕ್ಕ ಜಾಗ ಕೂಡ ತೋರಿಸಿದ್ದಳು. ಆದರೆ ಸತ್ತ ಮೇಲೆ ಸಿಗುವ ಗೋಡೆಯನ್ನು ಕಟ್ಟಿಕೊಂಡು ಏನು ಮಾಡುವುದು? ಹದಿನಾರು ವರ್ಷ ಉಂಡು ಮಲಗಿ, ಜ್ವರ ಬಂದು ನರಳಿ, ಮಗಳನ್ನು ಎತ್ತಿ ಆಡಿಸಿದ್ದು ಈ ಮನೆಯಲ್ಲಿ. ಆ ಮಗಳು ಕುಶಲಾ ಒಮ್ಮೆ ಶಾಲೆಯ ಗೆಳತಿಗೆ ಹೇಳುತ್ತಿದ್ದುದು ಕಿವಿಗೆ ಬಿದ್ದಿತ್ತು: ಇದು ನಮ್ಮ ಮನೆ, ಅಪ್ಪನೂ ಇಲ್ಲೇ ಇರುವುದು. ಮಗು ಸತ್ಯವನ್ನೇ ಹೇಳಿತ್ತು. ಆ ರಾತ್ರಿ ಅವನಿಗೆ ನಿದ್ದೆ ಬಂದಿರಲಿಲ್ಲ.

ಈ ಭಾನುವಾರ ಬೆಳಿಗ್ಗೆ ಹೆಂಗಸರು ಮೂವರೂ, ಅತ್ತೆ, ಹೆಂಡತಿ, ಮಗಳು, ಹೆರಿಗೆಯಾದ ನೆಂಟರ ಹುಡುಗಿಯೊಬ್ಬಳನ್ನು ನೋಡಲು ಆಸ್ಪತ್ರೆಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಪೆಟ್ಟಿಗೆಯನ್ನು ಕಳಚಿಬಿಡಬಹುದಿತ್ತು. ತೂತುಗಳಿಗೆ ಸುಣ್ಣ ತುಂಬಿ, ಮೇಲೊಂದು ಕೈ ಬಿಳಿ ಬಳಿದರೆ ಯಾರಿಗೂ ತಿಳಿಯದು. ಅವನು ಸ್ಕ್ರೂಡ್ರೈವರು ಹಿಡಿದು ಮತ್ತೆ ಸ್ಟೂಲು ಹತ್ತಿಯೂ ಹತ್ತಿದ. ಮೊದಲ ಸ್ಕ್ರೂ ಅರ್ಧ ಸುತ್ತು ಸಡಿಲವಾಗುತ್ತಿದ್ದಂತೆ ಮುಂಡಪ್ಪ ಮಾಮನ ಫೋಟೋದ ಗಾಜಿನಲ್ಲಿ ತನ್ನದೇ ಮುಖ ಕಾಣಿಸಿತು. ಬೆವರು ಸುರಿದ, ಕಳ್ಳನ ಹಾಗೆ ಅವಸರಪಡುವ, ನಲವತ್ತು ದಾಟಿದ ಗಂಡಸಿನ ಮುಖ. ಥೂ, ಎಂದ ಅವನು, ಗಟ್ಟಿಯಾಗಿಯೇ. ಇವತ್ತು ಇದನ್ನು ಕಳಚಿದರೆ ಸಾಯುವ ತನಕ ತಾನು ಈ ಮನೆಯಲ್ಲಿ ನೆಂಟನೇ. ಇನ್ನು ಯಾವ ಬಾಯಿಯಿಂದಲೂ ಇದು ನನ್ನ ಮನೆ ಎಂದು, ಮನಸ್ಸಿನಲ್ಲಿ ಕೂಡ, ಹೇಳಿಕೊಳ್ಳಲಾಗದು. ಇರಲಿ. ಏನಾಗುತ್ತದೋ ಆಗಲಿ. ಯಾರನ್ನೂ ಕೇಳದೆ ಈ ಗೋಡೆಯಲ್ಲಿ ನಾನೊಂದು ಕೆಲಸ ಮಾಡಿದ್ದೇನೆ, ಅದು ಇಲ್ಲೇ ಇರುತ್ತದೆ. ಸ್ಕ್ರೂವನ್ನು ಮತ್ತೆ ಬಿಗಿ ಮಾಡಿದ. ಮೊದಲಿಗಿಂತಲೂ ಹೆಚ್ಚು ಬಿಗಿ. ಸ್ಟೂಲನ್ನು ಒಳಗಿಟ್ಟು, ಪುಡಿ ಗುಡಿಸಿ, ಸ್ನಾನ ಮಾಡಿ, ತಲೆ ಬಾಚಿ ಕೂತ.

ಶಶಿಪ್ರಭಾ ಚಪ್ಪಲಿ ಬಿಚ್ಚುವಾಗಲೇ ನೋಡಿದಳು. ಒಂದು ಕಾಲಿನ ಚಪ್ಪಲಿ ಕಾಲಲ್ಲೇ ಇತ್ತು. "ಎಂತ ಮಾಡಿದ್ದು ನೀವು ಇದು?" ಎಂದಳು, ಸ್ವರವೇ ಇಲ್ಲದ ಸ್ವರದಲ್ಲಿ. ಅವನು ಕಿಟಕಿ, ಪ್ಲಗ್ಗು, ಬಿಸಿಲು ಎಂದೆಲ್ಲ ಪಾಠ ಒಪ್ಪಿಸಿದ. ಅವಳು ಕೇಳಿಸಿಕೊಂಡು, ಮಾಮ ಬರುವುದರೊಳಗೆ ಅಡುಗೆಮನೆಯ ಬದಿಯ ಗೋಡೆಗೆ ಬದಲಿಸಿ, ಬೇಕಿದ್ದರೆ ರೇಮಂಡರನ್ನು ಕರೆಯುತ್ತೇನೆ ಎಂದಳು. ಅವನು ಬೇಡ ಎಂದ. ಕುಶಲಾ ಮಾತ್ರ, ಅಯ್ಯೋ ಎಷ್ಟು ಚಂದ ಕಾಣುತ್ತದೆ ಎಂದು ಕೆಂಪು ದೀಪ ಹೊತ್ತಿಸಲು ಓಡಿದಳು, ಅಮ್ಮನ ಮುಖ ನೋಡಿ ಅರ್ಧದಲ್ಲೇ ನಿಂತಳು. ಅತ್ತೆ ಗುಲಾಬಿ ಕೊನೆಗೆ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಮೂವರು ಅಣ್ಣಂದಿರನ್ನೂ ಒಬ್ಬೊಬ್ಬರಾಗಿ ನೋಡಿ, ನಾಲ್ಕನೆಯದಾಗಿ ಪೆಟ್ಟಿಗೆಯನ್ನು ನೋಡಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದರಲ್ಲಿ ಅವರದು ಎತ್ತಿದ ಕೈ. ಕಣ್ಣಿಗೆ ಕಾಣುವ ಹಾಗೆ ಇಟ್ಟಿದ್ದಾರೆ, ಎಂದಷ್ಟೇ ಹೇಳಿ ಒಳಗೆ ಹೋದರು. ಹೊಗಳಿದರೋ ತೆಗಳಿದರೋ ಅವರಿಗೇ ಗೊತ್ತು. ಹಿಂದೊಮ್ಮೆ ಅವನು ಅವರೊಂದಿಗೆ, ನಿಮ್ಮ ಯಜಮಾನರ, ಅಂದರೆ ಶಶಿಯ ಅಪ್ಪ ಲೋಕನಾಥರ ಫೋಟೋ ಒಂದೂ ಈ ಗೋಡೆಗಳಲ್ಲಿ ಇಲ್ಲವಲ್ಲ ಎಂದು ಕೇಳಿದ್ದ. ಅತ್ತೆ ಬೇಸರವಿಲ್ಲದೆ, ಆಶ್ಚರ್ಯದಿಂದಲೇ ಉತ್ತರಿಸಿದ್ದರು: "ಅವರದ್ದು ಅವರ ಮನೆಯಲ್ಲಿ ಉಂಟಲ್ಲ."

ಬೆಳಿಗ್ಗೆಯೇ ಮಾಡಿಟ್ಟಿದ್ದ ಬಂಗುಡೆ ಮೀನಿನ ಗಸಿಯನ್ನು ಬಿಸಿ ಮಾಡಿ ಬಡಿಸಿದರು. ದೊಡ್ಡ ತುಂಡು ಅವನಿಗೆ, ಯಾವಾಗಲೂ ಅವನಿಗೇ. ಕುಚ್ಚಲಕ್ಕಿ ಅನ್ನದ ಮೇಲೆ ಅತ್ತೆ ಇನ್ನೊಂದು ಸೌಟು ಗಸಿ ಹಾಕಿದರು, ಬೇಡವೆಂದರೂ ಹಾಕಿದರು, ನೀರಿನ ಲೋಟ ಅರ್ಧವಾಗುವ ಮೊದಲೇ ತುಂಬಿಸಿದರು. ಮೊದಮೊದಲು ಇದನ್ನು ಪ್ರೀತಿಯೆಂದುಕೊಂಡಿದ್ದ. ಆಮೇಲೆ ಒಂದು ದಿನ, ಅತ್ತೆ ಇಲ್ಲದ ಹೊತ್ತಿನಲ್ಲಿ, ತಾನೇ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ಬಡಿಸಿಕೊಂಡಿದ್ದ; ಬಂದು ನೋಡಿದ ಅತ್ತೆ ಮನೆಯಲ್ಲಿ ಕಳವಾದಂತೆ ಬೆಚ್ಚಿ, ಅಯ್ಯೋ ಕರೆಯಬಾರದಿತ್ತೇ, ನಮ್ಮ ಮರ್ಯಾದೆ ಏನಾಗಬೇಕು ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಅಂದು ಅವನಿಗೆ ಗೊತ್ತಾಗಿತ್ತು, ನೆಂಟನಿಗೆ ದೊಡ್ಡ ತುಂಡು ಬೀಳುತ್ತದೆ, ಮುಚ್ಚಳ ತೆಗೆಯುವ ಹಕ್ಕು ಮಾತ್ರ ಇರುವುದಿಲ್ಲ. ಈ ಮನೆಯವರು ಒಂದು ದಿನ ಅವನಿಗೆ ಹಳಸಿದ ಅನ್ನ ಬಡಿಸಿ, ಇವತ್ತು ಇಷ್ಟೇ, ತಿನ್ನಿ, ಎಂದಿದ್ದರೆ ಅವನು ಕೃತಜ್ಞತೆಯಿಂದ ತಿನ್ನುತ್ತಿದ್ದ. ಇವತ್ತು ಮುಳ್ಳು ಬಿಡಿಸುತ್ತಾ ಎಲ್ಲರೂ ಪೆಟ್ಟಿಗೆಗೆ ಬೆನ್ನು ಹಾಕಿ ಉಂಡರು.

ಕೈ ತೊಳೆದು ಕೋಣೆಗೆ ಬಂದರೆ ಮಂಚದ ಮೇಲೆ ಅವನ ರೆಕ್ಸಿನ್ ಬ್ಯಾಗು. ಒಳಗೆ ಇಸ್ತ್ರಿ ಮಾಡಿದ ಅಂಗಿಗಳು, ಲುಂಗಿ, ಟವೆಲು, ಕ್ಷೌರದ ಸಾಮಾನು, ಎಲ್ಲ ಒಪ್ಪವಾಗಿ. ಈ ಬ್ಯಾಗು ಹೊಸತಲ್ಲ. ಮಾಮನೊಂದಿಗೆ ಮಾತಿಗೆ ಮಾತು ಬಂದಾಗಲೆಲ್ಲ ಅದು ಹೀಗೆ ಮಂಚಕ್ಕೆ ಬರುತ್ತಿತ್ತು, ಅವನು ಬಸ್ಸು ಹತ್ತಿ ಶಕ್ತಿನಗರದ ಅಕ್ಕನ ಮನೆಗೆ ಹೋಗುತ್ತಿದ್ದ, ಸಿಟ್ಟು ಆರಿದ ಮೇಲೆ ಶಶಿ ಹೇಳಿ ಕಳಿಸುತ್ತಿದ್ದಳು. ಅಳಿಯಕಟ್ಟಿನ ಗಂಡಂದಿರಿಗೆಲ್ಲ ಇದೇ ದಾರಿ. ಜಗಳವೂ ಇಲ್ಲ, ಪಂಚಾಯತಿಯೂ ಇಲ್ಲ, ಹಾವೂ ಸಾಯಬೇಕು ಕೋಲೂ ಮುರಿಯಬಾರದು. ಶಶಿ ಬಾಗಿಲಲ್ಲಿ ನಿಂತು, ನಾಲ್ಕು ದಿನ ಅಕ್ಕನಲ್ಲಿ ಇದ್ದು ಬನ್ನಿ, ಅವರು ಊರಲ್ಲಿಲ್ಲ, ಬಂದ ಮೇಲೆ ತೆಗೆಯುತ್ತಾರೆ ಅಂತ ಮಾಮನಿಗೆ ನಾನೇ ಹೇಳುತ್ತೇನೆ ಎಂದಳು. ಅವಳ ಕೈ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡುತ್ತಿತ್ತು. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಬಂದದ್ದು ಅಳು, ಅದನ್ನು ನುಂಗಿದ.

"ಶಶಿ, ನಿನ್ನ ಮನೆಯವರಿಗೆ ಸಿಟ್ಟು ಬಂದ್ರೆ ನಾನು ಹೋಗಬೇಕು. ನನಗೆ ಸಿಟ್ಟು ಬಂದ್ರೂ ನಾನೇ ಹೋಗಬೇಕು. ಇದು ಎಂತ ನ್ಯಾಯ?"

"ಎಲ್ಲರೂ ಹಾಗೇ ಅಲ್ವಾ ಮಾಡುವುದು? ನಮ್ಮ ಅಪ್ಪನೂ ಹೋಗ್ತಿದ್ರು."

"ಕೊನೇ ಸಲ ಹೋದವರು ಬಂದ್ರಾ?"

ಕೇಳಬಾರದಿತ್ತು. ಲೋಕನಾಥರು ಹಾಗೆಯೇ ಒಮ್ಮೆ ಬ್ಯಾಗು ಹಿಡಿದು ತಮ್ಮ ಕುಟುಂಬದ ಮನೆಗೆ ಹೋದವರು ಅಲ್ಲೇ ಮಲಗಿ, ಅಲ್ಲೇ ತೀರಿಕೊಂಡು, ಅಕ್ಕತಂಗಿಯರ ಮಕ್ಕಳಾದ ಅಳಿಯಂದಿರ ಕೈಯಲ್ಲಿ ಬೆಂಕಿ ಹಾಕಿಸಿಕೊಂಡಿದ್ದರು. ಹೆಂಡತಿ ಮಕ್ಕಳು ನೆಂಟರ ಹಾಗೆ ಹೋಗಿ, ನೆಂಟರ ಹಾಗೆ ಬಂದಿದ್ದರು. ಶಶಿ ಮಂಚದ ತುದಿಗೆ ಕೂತಳು. ಅಳಲಿಲ್ಲ. ಅವನು ಬ್ಯಾಗಿನಿಂದ ಅಂಗಿಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಡತೊಡಗಿದ, ಅಂಚಿಗೆ ಅಂಚು ಸೇರಿಸಿ. ಅವಳು ನೋಡುತ್ತಾ ಕೂತಿದ್ದಳು. ಕೊನೆಗೆ ಉಳಿದ ಟವೆಲನ್ನು ಅವಳೇ ತೆಗೆದು ಅವನ ಕೈಗೆ ಕೊಟ್ಟಳು, ಖಾಲಿ ಬ್ಯಾಗಿನ ಜಿಪ್ಪು ಎಳೆದು ಮಂಚದ ಅಡಿಗೆ ತಳ್ಳಿದಳು. ಹದಿನಾರು ವರ್ಷದಲ್ಲಿ ಅವಳು ಅವನ ಪರವಾಗಿ ಮಾಡಿದ ಅತಿ ದೊಡ್ಡ ಕೆಲಸ ಇದೇ ಎಂದು ಅವನಿಗನ್ನಿಸಿತು; ಇದು ಸಣ್ಣದೆಂದೂ ಅನ್ನಿಸಿತು.

ಸಂಜೆ ಮೊದಲು ರೇಮಂಡ್ ಬಂದ, ಜೊತೆಗೆ ಅವನ ಹೆಂಡತಿ ನೆಲ್ಲಿ. ಪೆಟ್ಟಿಗೆಯ ಕೆಳಗೆ ಬೆರಳಾಡಿಸಿ, ಬಹರೇನಿನಲ್ಲೂ ಇಷ್ಟು ಫಿನಿಶಿಂಗ್ ಕಂಡಿಲ್ಲ ಎಂದು ಹೊಗಳಿದ. ಮನೆಯವರು ಯಾರೂ ನಗದ್ದನ್ನು ಕಂಡು ತಾನೇನೋ ತಪ್ಪು ಆಡಿದೆನೆಂದು ಬೆಂಚಿನ ತುದಿಗೆ ಹೋಗಿ ಕೂತ. ಆಮೇಲೆ ಅಂಬಾಸಿಡರಿನ ಬಾಗಿಲು ಹಾಕಿದ ಸದ್ದಾಯಿತು. ಶೀನಪ್ಪ ಮಾಮ ಎಂದಿನಂತೆ ಕಾಲು ತೊಳೆದು, ಅಕ್ಕನ ಆರೋಗ್ಯ ವಿಚಾರಿಸಿ, ಕುಶಲಾಳ ಕೆನ್ನೆ ಚಿವುಟಿ, ಕುರ್ಚಿಯಲ್ಲಿ ಕೂತು ಚಾ ಲೋಟ ಹಿಡಿದು ತಲೆ ಎತ್ತಿದರು. ಲೋಟ ತುಟಿಗೆ ಹೋಗಲಿಲ್ಲ. ಮನೆಯಲ್ಲಿ ಎಲ್ಲರೂ ಆಡುವುದು ತುಳು. ಆದರೆ ಸೀರಿಯಸ್ಸಾದ ಮಾತು ಬಂದಾಗ ಮಾಮ ಕನ್ನಡಕ್ಕೆ ಇಳಿಯುತ್ತಿದ್ದರು, ಸಂಘದ ಮಹಾಸಭೆಯಲ್ಲಿ ಮೈಕಿನೆದುರು ನಿಂತವರ ಹಾಗೆ. ಈಗಲೂ ಕನ್ನಡವೇ ಬಂತು.

"ಮಾಸ್ಟ್ರೇ, ಅದು ಯಾರ ಜಾಗ ಅಂತ ನಿಮಗೆ ಗೊತ್ತುಂಟಾ?"

ಗೊತ್ತಿರಲಿಲ್ಲ ಎಂದರೆ ಮುಗಿಯುತ್ತಿತ್ತು. ಶಶಿಯ ಕಣ್ಣು ಅದನ್ನೇ ಬೇಡುತ್ತಿತ್ತು. ಅವನು ಎದ್ದು ನಿಂತ.

"ಗೊತ್ತುಂಟು ಮಾಮ. ನಿಮ್ಮದು. ಆದ್ರೆ ನೀವು ಇಲ್ಲಿ ಕುರ್ಚಿಯಲ್ಲೇ ಇದ್ದೀರಲ್ಲ. ಜಾಗ ಖಾಲಿ ಇತ್ತು."

ನೆಲ್ಲಿ ಮೆಲ್ಲಗೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಮಾಮ ಲೋಟವನ್ನು ಕೆಳಗಿಟ್ಟರು. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು, ನಿಜವಾದ ನೋವು. ಅದನ್ನು ನೋಡಿ ಸರ್ವೋತ್ತಮನಿಗೆ ಅಯ್ಯೋ ಎನಿಸಿತು, ಎನಿಸಿದ್ದಕ್ಕೆ ಸಿಟ್ಟೂ ಬಂತು. ಅದನ್ನು ಈಗಲೇ ತೆಗೆಯಿರಿ ಎಂದು ಮಾಮ ಮೆಲ್ಲಗೆ ಹೇಳಿದರು. ತೆಗೆಯುವುದಿಲ್ಲ ಎಂದ ಅವನು, ಅವನೂ ಮೆಲ್ಲಗೇ. ಹದಿನಾರು ವರ್ಷದಿಂದ ಈ ಮನೆಯಲ್ಲಿ ನಿಮಗೆ ಎಂತ ಕಡಿಮೆ ಮಾಡಿದ್ದೇವೆ, ಹೇಳಿ, ನೆರೆಯವರು ಇದ್ದಾರೆ, ಅವರೆದುರೇ ಹೇಳಿ, ಎಂದರು ಮಾಮ.

"ಎಂತದ್ದೂ ಕಡಿಮೆ ಮಾಡ್ಲಿಲ್ಲ. ದೊಡ್ಡ ತುಂಡು ಮೀನು ಕೊಟ್ಟಿದ್ದೀರಿ. ಒಳ್ಳೆ ಹಾಸಿಗೆ ಕೊಟ್ಟಿದ್ದೀರಿ. ಮರ್ಯಾದೆ ಕೊಟ್ಟಿದ್ದೀರಿ. ಎಲ್ಲ ಕೊಟ್ಟದ್ದೇ, ಮಾಮ. ನಾನಾಗಿ ತಕ್ಕೊಂಡದ್ದು ಈ ಮನೆಯಲ್ಲಿ ಒಂದೂ ಇಲ್ಲ. ಇವತ್ತು ಇಷ್ಟು ಗೋಡೆ ತಕ್ಕೊಂಡಿದ್ದೇನೆ."

ಹೇಳಿದ ಮೇಲೆ ಹೆದರಿಕೆ ಇಳಿದುಹೋಯಿತು. ಇಷ್ಟು ಸುಲಭವಿತ್ತೇ? ಗೇಟಿನಲ್ಲಿ ಕೆಮ್ಮುತ್ತಿದ್ದ ಅಪ್ಪ ಒಂದು ದಿನ, ಒಂದೇ ಒಂದು ದಿನ, ಕೆಮ್ಮದೆ ದಡದಡನೆ ಮೆಟ್ಟಿಲು ಹತ್ತಿಬಿಟ್ಟಿದ್ದರೆ ಅವನಿಗೂ ಹೀಗೆಯೇ ಎದೆ ಹಗುರವಾಗುತ್ತಿತ್ತೇನೋ. ಮುಂದೆ ಮಾಮ ಏನೇ ಹೇಳಲಿ, ಹೊರಗೆ ಹೋಗು ಎನ್ನಲಿ, ಪೆಟ್ಟಿಗೆ ಕಿತ್ತು ಅಂಗಳಕ್ಕೆ ಎಸೆಯಲಿ, ಎದುರಿಸಲು ಅವನು ತಯಾರಾಗಿ ನಿಂತ. ಬೈಯಲಿ, ಚೆನ್ನಾಗಿ ಬೈಯಲಿ, ಎಂದು ಹಾರೈಸುತ್ತಿದ್ದ. ಮನೆಯವನನ್ನಲ್ಲವೇ ಬೈಯುವುದು, ನೆಂಟನನ್ನು ಯಾರೂ ಬೈಯುವುದಿಲ್ಲ. ಆಗ ಒಳಬಾಗಿಲಿನಿಂದ ಅತ್ತೆ, ಇರಲಿ ಶೀನ, ಹೋಗಲಿ, ಎಂದರು. ಅಷ್ಟೇ. ಶೀನಪ್ಪ ಅಕ್ಕನ ಕಡೆ ನೋಡಿದರು, ಬೆಂಚಿನಲ್ಲಿ ಕೂತ ನೆರೆಯವರ ಕಡೆ ನೋಡಿದರು. ಲಾಡ್ಜಿನಲ್ಲಿ ಎಂತೆಂಥ ಗಿರಾಕಿಗಳನ್ನು ಸಂಭಾಳಿಸಿದ ಮನುಷ್ಯ. ಸೋಲು ಎಲ್ಲಿಂದ ಬರುತ್ತಿದೆ, ಅದನ್ನು ಹೇಗೆ ತಿರುಗಿಸಬೇಕು ಎಂಬುದು ಅವರಿಗೆ ತಟ್ಟನೆ ಹೊಳೆಯುತ್ತಿತ್ತು. ಮುಖ ಸಡಿಲವಾಯಿತು. ದೊಡ್ಡದಾಗಿ, ಬಾಯಿ ತುಂಬ ನಕ್ಕರು.

"ಸರಿ. ನಾನೇ ಬಿಟ್ಟುಕೊಟ್ಟೆ ಅಂತ ಇಟ್ಟುಕೊಳ್ಳಿ. ನನ್ನ ಜಾಗ ಮಾಸ್ಟ್ರಿಗೆ ನಾನು ಕೊಟ್ಟದ್ದು. ಇನ್ನು ಯಾರೂ ಮಾತಾಡ್ಬೇಡಿ. ಟೀವಿ ಹಾಕು ಕುಶಲಾ."

ಚಾವಡಿಯಿಡೀ ಉಸಿರು ಬಿಟ್ಟಿತು. ಮಾಮನದು ಎಂಥ ದೊಡ್ಡ ಮನಸ್ಸು ಎಂದ ರೇಮಂಡ್. ಶಶಿಯ ಮುಖದಲ್ಲಿ ಬೆಳಿಗ್ಗೆಯಿಂದ ಕಾಣದ ಬೆಳಕು ಬಂತು, ಅವಳು ಒಳಗೋಡಿ ಚಕ್ಕುಲಿಯ ಡಬ್ಬಿ ತಂದಳು. ಅತ್ತೆ ತಮ್ಮನಿಗೆ ಬೇರೆ ಚಾ ಮಾಡಲು ಹೋದರು. ಟಿ.ವಿ.ಯಲ್ಲಿ ಸಿನಿಮಾ ಶುರುವಾಯಿತು. ಸಂಜೆಯ ವೋಲ್ಟೇಜು ಕುಸಿದಾಗ ಸ್ಟೆಬಿಲೈಸರು ಟಕ್ ಎಂದು ಸದ್ದು ಮಾಡಿ ಚಿತ್ರವನ್ನು ಎತ್ತಿ ಹಿಡಿಯಿತು, ನೋಡಿದಿರಾ ಎಂಥ ಕೆಲಸ, ಎಂದು ಮಾಮನೇ ಎಲ್ಲರಿಗೂ ತೋರಿಸಿದರು. ಸರ್ವೋತ್ತಮ ನಿಂತಲ್ಲೇ ನಿಂತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ತುತ್ತನ್ನು ಯಾರೂ ಕಸಿದಿರಲಿಲ್ಲ. ಅವನ ಕೈಯಿಂದ ತೆಗೆದುಕೊಂಡು, ತಟ್ಟೆಗೆ ಹಾಕಿ, ಮೇಲೊಂದು ಸೌಟು ಗಸಿ ಸುರಿದು, ಉಣ್ಣಿ ಎಂದು ವಾಪಸು ಕೊಟ್ಟಿದ್ದರು. ಅವನು ಕೊರೆದ ತೂತು, ಅವನು ಬಡಿದ ಬೆಣೆ, ರಸಮಟ್ಟದ ಗುಳ್ಳೆಯನ್ನು ಉಸಿರು ಹಿಡಿದು ನೋಡಿದ ಆ ಬೆಳಗು, ಎಲ್ಲವೂ ಈಗ ಶೀನಪ್ಪ ಮಾಮನ ಔದಾರ್ಯ. ನಾಳೆಯಿಂದ ಬಂದವರಿಗೆಲ್ಲ ಈ ಕಥೆ ಹೇಳುತ್ತಾರೆ. ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ, ಎಂದು ಮಾಮ ತಮ್ಮ ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿ ಕರೆದರು, ಮನೆಗೆ ಬಂದವರನ್ನು ಕರೆದ ಹಾಗೆ.

ಅವನು ಕೂರಲಿಲ್ಲ. ಕೋಣೆಗೆ ಹೋಗಿ ಸುತ್ತಿಗೆ ತಂದ, ಜೊತೆಗೊಂದು ಉದ್ದದ ಮೊಳೆ. ಬಾಗಿಲ ಪಕ್ಕದ ಗೋಡೆ ಬರಿದಾಗಿತ್ತು. ಅಲ್ಲಿ ಯಾರ ಫೋಟೋವೂ ಇರಲಿಲ್ಲ, ಯಾರ ಜಾಗವೂ ಆಗಿರಲಿಲ್ಲ, ಯಾವ ವಯರಿಗೂ ಅಲ್ಲಿ ಕೆಲಸವಿರಲಿಲ್ಲ. ಅಳೆಯಲಿಲ್ಲ. ರಸಮಟ್ಟ ಹಿಡಿಯಲಿಲ್ಲ. ಎದೆಯ ಎತ್ತರಕ್ಕೆ ಮೊಳೆ ಇಟ್ಟು ಹೊಡೆದ. ಮೊದಲ ಪೆಟ್ಟಿಗೆ ಸುಣ್ಣದ ಚಕ್ಕೆ ಎದ್ದು ನೆಲಕ್ಕೆ ಬಿತ್ತು, ಹಾಡಿನ ನಡುವೆ ಎಲ್ಲರೂ ತಿರುಗಿ ನೋಡಿದರು. ಇನ್ನೊಂದು ಪೆಟ್ಟು. ಮತ್ತೊಂದು. ಕಲ್ಲುಗಳ ಸಂದಿಯಲ್ಲಿ ಎಲ್ಲೋ ಹಿಡಿತ ಸಿಕ್ಕಿ ಮೊಳೆ ನಿಂತಿತು, ಓರೆಯಾಗಿ, ಮಕ್ಕಳು ಬರೆದ ಗೆರೆಯಂತೆ. ಅದನ್ನು ಸರಿ ಮಾಡಲು ಅವನ ಕೈ ಎದ್ದಿತು. ಅವನು ಕೈಯನ್ನು ಇಳಿಸಿದ. ಕುಶಲಾ ಟಿ.ವಿ.ಯ ಸದ್ದು ಕಡಿಮೆ ಮಾಡಿದಳು. ಶಶಿ ಚಕ್ಕುಲಿಯ ಡಬ್ಬಿ ಹಿಡಿದುಕೊಂಡೇ ಅವನನ್ನು, ಮದುವೆಯ ದಿನದ ನಂತರ ಮೊದಲ ಸಲವೆಂಬಂತೆ, ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಮಾಮನ ಬಾಯಲ್ಲಿ ಈ ಸಲ ಕನ್ನಡವೂ ಬೇಗ ಬರಲಿಲ್ಲ, ತುಳುವೂ ಬರಲಿಲ್ಲ.

"ಇದು ಎಂತಕ್ಕೆ ಮಾಸ್ಟ್ರೇ?" ಎಂದರು ಕೊನೆಗೆ. "ಇದಕ್ಕೆ ಎಂತ ಹಾಕ್ಲಿಕ್ಕೆ?"

"ಎಂತದ್ದೂ ಇಲ್ಲ," ಎಂದ ಸರ್ವೋತ್ತಮ. "ಸುಮ್ಮನೆ ಹೊಡೆದದ್ದು."